ನಕ್ಷೆಯ ಮೇಜಿಗೆ ಗರಗಸ

ಕುವಾ ಬಂದರು, ಲಂಕಾವಿ
ಫೆಬ್ರವರಿ ೧೧

ಪ್ರೀತಿಯ ಡೆಸ್ಮಂಡ್,

ನೀನೂ ಹೆಂಡತಿ ಮಕ್ಕಳೂ ಮಲಕ್ಕಾದಲ್ಲಿ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಕ್ರಿಸ್‌ಮಸ್‌ಗೆ ನೀನು ಬರೆದ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೇಸರಿಸಬೇಡ. ಕೂತು ಬರೆಯಲು ಜಾಗವೇ ಇರಲಿಲ್ಲ. ದೋಣಿಯೊಳಗೆಲ್ಲ ಮರದ ಪುಡಿ.

ತೀರಿಹೋದ ನಿಮ್ಮಪ್ಪನ ಹಾಯಿದೋಣಿಯನ್ನು ಮಾರಿ, ನನ್ನನ್ನು ನಿಮ್ಮ ಮನೆಯ ಹಿಂದಿನ ಕೋಣೆಗೆ ಕರೆಸಿಕೊಳ್ಳುವ ನಿನ್ನ ಯೋಚನೆ ಓದಿದೆ. ಒಳಗಿನ ಹಳೆಯ ತೇಗದ ಕೆಲಸ ಇದ್ದ ಹಾಗೇ ಇದ್ದರೆ ಒಳ್ಳೆಯ ಬೆಲೆ ಬರುತ್ತದೆ, ಒಂದು ಮೊಳೆಯನ್ನೂ ಮುಟ್ಟಬೇಡಿ ಎಂದು ನೀನು ಬರೆದಿದ್ದೆ. ಮುಟ್ಟಿದ್ದೇನಪ್ಪಾ. ಕೈಗೆ ಸಿಕ್ಕಿದ್ದನ್ನೆಲ್ಲ ಮುಟ್ಟಿದ್ದೇನೆ.

ಮೊದಲು ಹೋದದ್ದು ಕಪಾಟಿನ ಬಾಗಿಲುಗಳು. ಚಳಿ ದೇಶದವರು ಕಟ್ಟಿದ ದೋಣಿ. ಗಾಳಿ ನುಸುಳದಂತೆ ಎಲ್ಲವನ್ನೂ ಮುಚ್ಚಿಟ್ಟಿದ್ದರು. ಇಲ್ಲಿನ ಸೆಕೆಗೆ ನಾನು ಚರ್ಚಿಗೆ ಉಡುವ ಬಟ್ಟೆಗೆಲ್ಲ ಬೂಸ್ಟು ಹಿಡಿಯುತ್ತಿತ್ತು. ಈಗ ಬೆತ್ತ ಹೆಣೆದ ಬಾಗಿಲು ಹಾಕಿಸಿದ್ದೇನೆ. ಆರು ಗಂಡಸರು ಮಲಗಲೆಂದು ಮಾಡಿದ್ದ ಇಕ್ಕಟ್ಟಿನ ಹಲಗೆಗಳನ್ನು ಕಿತ್ತು, ಮಗ್ಗುಲು ಬದಲಿಸಬಹುದಾದ ಒಂದು ಹಾಸಿಗೆ ಮಾಡಿಕೊಂಡೆ. ಒಂದು ಫ್ರಿಜ್ಜಿಗೂ ಜಾಗವಾಯಿತು. ನಾನು ಮದುವೆಯಾಗಿ ಬಂದ ಹೊಸತರಲ್ಲಿ, ತಾಯಿಯನ್ನು ಕಳೆದುಕೊಂಡ ಪುಟ್ಟ ಹುಡುಗ ನೀನು, ನನ್ನ ಕೈ ಹಿಡಿದುಕೊಂಡೇ ಮಲಗುತ್ತಿದ್ದ ಹಲಗೆ ಮಾತ್ರ ಉಳಿದಿದೆ. ಅಲ್ಲಿ ಈರುಳ್ಳಿ ಇಡುತ್ತೇನೆ.

ನಕ್ಷೆಯ ಮೇಜಿನ ಹತ್ತಿರ ಬಂದಾಗ ಬಡಗಿ ಪಾಕ್ ಡಿನ್ ಗರಗಸ ಕೆಳಗಿಟ್ಟುಬಿಟ್ಟರು. "ಇದು ಯಜಮಾನ್ರು ಕೂರ್ತಿದ್ದ ಜಾಗ ಕಣಕ್ಕಾ. ನಾನ್ ಮುಟ್ಟಲ್ಲ."

"ಯಜಮಾನ್ರು ಅಲ್ಲಿ ಕೂತು ನಕ್ಷೆ ನೋಡ್ತಿದ್ರೆ ಮೇಲೆ ಹಾಯಿ ಎಳೀತಿದ್ದೋಳು ಯಾರು?" ಎಂದೆ.

"ನೀವೇ."

"ಹರಿದ್ರೆ ಹೊಲೀತಿದ್ದೋಳು?"

"ಅದೂ ನೀವೇ, ಬಿಡಿ."

"ಹಾಗಾದ್ರೆ ಕೊಡಿ ಇಲ್ಲಿ ಗರಗಸ."

ನಾನೇ ಕೊಯ್ದೆ. ಅರ್ಧಕ್ಕೆ ಬರುವಾಗ ಅಳು ಬಂತು, ಕೈ ನಿಲ್ಲಿಸಲಿಲ್ಲ. ನಿಮ್ಮಪ್ಪ ನೋಡಿದ್ದರೆ ವಾರಗಟ್ಟಲೆ ಮುಖ ಊದಿಸಿಕೊಂಡಿರುತ್ತಿದ್ದರು, ಪಾಪ. ಈಗ ಅಲ್ಲಿ ನನ್ನ ಹೊಲಿಗೆ ಯಂತ್ರ ಕೂತಿದೆ. ಬಂದರಿನವರೆಲ್ಲ ಹರಿದ ಹಾಯಿಗಳನ್ನು ಹೊತ್ತು ತರುತ್ತಾರೆ. ನನ್ನ ಅನ್ನ ನಾನೇ ದುಡಿದು ಉಣ್ಣುತ್ತಿದ್ದೇನೆ.

ದೋಣಿಯ ಕಾಗದಪತ್ರದಲ್ಲಿ ನನ್ನ ಹೆಸರೂ ಇದೆ, ಮರೆತಿದ್ದರೆ ನೆನಪಿಸಿಕೋ. ಮಾರಾಟಕ್ಕೆ ನಾನು ಸಹಿ ಹಾಕುವುದಿಲ್ಲ. ಆ ಹಿಂದಿನ ಕೋಣೆಯಲ್ಲಿ ಮಕ್ಕಳ ಸೈಕಲ್ಲು ಇಡು.

ಮೊಮ್ಮಕ್ಕಳಿಗೆ ಮುತ್ತು. ದೇವಮಾತೆ ನಿಮ್ಮೆಲ್ಲರನ್ನೂ ಕಾಯಲಿ. ಸಿಟ್ಟು ಇಳಿದ ಮೇಲೆ ಬಾ, ಖಾರವಾಗಿ ಕೋಳಿ ಮಾಡಿ ಬಡಿಸುತ್ತೇನೆ.

ನಿನ್ನ ಅಮ್ಮ,
ಸೆರಫಿನಾ

ತಾ.ಕ.: ದೋಣಿ ಕೊಳ್ಳಲೆಂದು ನೀನು ಕಳಿಸಿದವನು ಕಳೆದ ವಾರ ಬಂದಿದ್ದ. ಕೊಯ್ದ ಮೇಜು ನೋಡಿ ಹೌಹಾರಿದ. ಕೂರಿಸಿ ಚಹಾ ಕೊಟ್ಟೆ. "ನೋಡ್ಕೊಳ್ಳೋಕೆ ಒಬ್ಬ ಹೆಂಗಸನ್ನ ಇಟ್ಟಿದೀನಿ, ಮಾರಿದ ಮೇಲೆ ಹೊರಟು ಹೋಗ್ತಾಳೆ ಅಂದಿದ್ರು ಡೆಸ್ಮಂಡ್. ಅದು ನೀವೇನಾ?" ಎಂದು ಕೇಳಿದ. ಹೌದು ಎಂದೆ. ಹೊರಗಿನವನ ಮುಂದೆ ನನ್ನ ಮಗನನ್ನು ಸುಳ್ಳುಗಾರನನ್ನಾಗಿ ಮಾಡಲು ನನಗೆ ಮನಸ್ಸು ಬರಲಿಲ್ಲ.