ಬಾಡಿಗೆ ಮನೆಯ ಹೊಸ್ತಿಲು

ಅಜ್ಜಿ, ಅತ್ತೆ ನನ್ನನ್ನು ಮನೆ ತುಂಬಿಸಿಕೊಂಡರು! ಅದೂ ಎಲ್ಲಿ ಗೊತ್ತಾ? ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ, ನಾದಿನಿ ರಕ್ಷಾ ರಜೆಗೆಂದು ವಾರದ ಮಟ್ಟಿಗೆ ಬಾಡಿಗೆಗೆ ಹಿಡಿದ ಹುಲ್ಲು ಮಾಡಿನ ಮನೆಯಲ್ಲಿ! ಮದುವೆಗೂ ಬರದೆ ಮಗಳ ಹತ್ತಿರ ಉಳಿದವರು ನನ್ನ ಮುಖ ನೋಡುತ್ತಾರೋ ಇಲ್ಲವೋ ಎಂದು ದಾರಿಯುದ್ದಕ್ಕೂ ವೀರೇಶ್ ಅವರನ್ನು ಕೇಳುತ್ತಲೇ ಬಂದೆ. ಸೂಟ್‌ಕೇಸ್ ಎಳೆದುಕೊಂಡು ಬಾಗಿಲಿಗೆ ಬಂದರೆ, "ಅಲ್ಲೇ ನಿಲ್ಲವ್ವ!" ಎಂದರು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅವರು ಒಳಗೆ ಹೋಗಿ, ಸೇರು ಇಲ್ಲವೆಂದು ದೊಡ್ಡ ಟೀ ಮಗ್ ತುಂಬ ಅಕ್ಕಿ ತಂದು ಹೊಸ್ತಿಲ ಮೇಲಿಟ್ಟರು.

"ಅಮ್ಮ, ಇದು ಬಾಡಿಗೆ ಮನೆ," ಎಂದು ವೀರೇಶ್ ನಕ್ಕರು.

"ಹೊಸ್ತಿಲು ಇದೆಯಲ್ಲೋ! ನೀನು ಬಲಗಾಲಲ್ಲಿ ಒದಿಯವ್ವ."

ಖುಷಿಗೆ ಎಷ್ಟು ಜೋರಾಗಿ ಒದ್ದೆನೆಂದರೆ ಮಗ್ ಉರುಳಿ ಅಡುಗೆಮನೆ ಸೇರಿತು. ಮನೆ ಒಡತಿಯ ಬಾತುಕೋಳಿಗಳು ಅಕ್ಕಿ ಹೆಕ್ಕುತ್ತ ನನಗಿಂತ ಮೊದಲೇ ಒಳಗೆ ನುಗ್ಗಿದವು! ಇನ್ನೊಂದು ಬೀಗದ ಕೈ ಕೊಡಲು ಬಂದಿದ್ದ ಆಕೆ ಬಾಯಿ ಬಿಟ್ಟುಕೊಂಡು ನಿಂತಿದ್ದಳು. ಅತ್ತೆ ನಗು ತಡೆಯಲಾರದೆ ನನ್ನ ಭುಜ ಹಿಡಿದುಕೊಂಡರು, ಅಜ್ಜಿ, ನನ್ನ ಭುಜ!

ಸ್ವಲ್ಪ ಶೀತ ಆಗಿದೆ, ಯೋಚಿಸಬೇಡ, ಅತ್ತೆಯೇ ಮೆಣಸಿನ ಕಷಾಯ ಕುಡಿಸುತ್ತಿದ್ದಾರೆ. ನಿನ್ನ ಮಂಡಿಗೆ ಬಿಸಿನೀರಿನ ಚೀಲ ತೆಗೆದುಕೊಂಡಿದ್ದೇನೆ. ಜಾಗ ಮುಗಿಯಿತು.

ನಿನ್ನ ರಂಜಿನಿ

ಅಂಚಿನಲ್ಲಿ ಬರೆಯುತ್ತಿದ್ದೇನೆ: ವಿಮಾನ ಮುಂಬೈವರೆಗೆ ಮಾತ್ರ. ಅಲ್ಲಿಂದ ಮೂವರೂ, ಹೌದು, ಅತ್ತೆಯೂ, ಮೊದಲು ಲಗ್ಗೆರೆಗೇ, ನಿನ್ನ ಹೊಸ್ತಿಲಿಗೇ ಬರುತ್ತೇವೆ. ಇಪ್ಪತ್ತನೇ ತಾರೀಖು, ಗುರುವಾರ ಬೆಳಿಗ್ಗೆ, ಉದ್ಯಾನ್ ಎಕ್ಸ್‌ಪ್ರೆಸ್.