ಮುಂಡಗೋಡದ ಕಿಟಕಿಗೆ ಗಿಡಗಳು

ದಾಂಡೇಲಿ
17 ನವೆಂಬರ್ 2024

ಪೂರ್ಣಿ,

ನೀನು ಕೇಳಿದ್ದಕ್ಕೆ ಫೋನಿನಲ್ಲಿ ಉತ್ತರ ಕೊಡದೆ ಬರೆಯುತ್ತಿದ್ದೇನೆ. ನಾನು ಫೋನು ಹಿಡಿದ ಕೂಡಲೇ ನಿಮ್ಮಪ್ಪ ಪಕ್ಕದ ಕುರ್ಚಿಗೆ ಬಂದು ಕೂಡುತ್ತಾರೆ. ಪತ್ರಿಕೆಗಳ ಸಂಪಾದಕರಿಗೆ ಬರೆದು ಬರೆದು ನನ್ನ ಕೈಗೆ ರೂಢಿಯೂ ಆಗಿದೆ. ಅವರು ಅರ್ಧ ಕತ್ತರಿಸಿ ಹಾಕುತ್ತಾರೆ, ನೀನಾದರೂ ಪೂರ್ತಿ ಓದು.

ಮೊನ್ನೆ ನೀನು ಎರಡು ಮಾತು ಕೇಳಿದೆ. ಒಂದು, "ಅಡಗಿಮನಿ ಕಿಡಕ್ಯಾಗ ಇಡಾಕ ಸಾಯಲಾರದಂಥಾ ಗಿಡ ಯಾವುದವಾ?" ಇನ್ನೊಂದು, "ಇದೂ ಸತ್ತರ ನಾ ತೇರಗಾಂವಕ್ಕ ವಾಪಸ್ ಹೋಗಿಬಿಡ್ಲೇನು?"

ಮೊದಲು ಎರಡನೆಯದು. ಸಚಿನ ನಿನ್ನ ಮೇಲೆ ಕೈ ಮಾಡಿದ್ದು ಒಂದೇ ಸಲವಲ್ಲ. ತೇರಗಾಂವದ ಆ ಗಂಡನ ಮನೆ ಬಿಟ್ಟು, ಮುಂಡಗೋಡದಲ್ಲಿ ಮಹಡಿ ಮೇಲೆ ಬಾಡಿಗೆ ಹಿಡಿದು, ಟಿಬೆಟನ್ ಕಾಲೊನಿ ಹತ್ತಿರದ ಔಷಧಿ ಅಂಗಡಿಯಲ್ಲಿ ನೀನು ದುಡಿಯಲು ನಿಂತದ್ದು ಮಳೆಗಾಲಕ್ಕಿಂತ ಮುಂಚೆ. ಇಷ್ಟು ದಿನ ಗಟ್ಟಿಯಾಗಿದ್ದವಳು ಒಂದು ತುಳಸಿ ಒಣಗಿತೆಂದು ಗಂಟು ಕಟ್ಟುವುದಾದರೆ, ಆ ತುಳಸಿ ಯಾಕೆ ಸತ್ತಿತು ಎಂದಾದರೂ ತಿಳಿಯಬೇಕಲ್ಲ.

ನಿಮ್ಮ ಮನೆ ಮಾಲಕಿ ಗುರುಸಿದ್ದವ್ವ ಕಾರಣ ಹೇಳಿಬಿಟ್ಟಿದ್ದಾಳೆ. ದೊಡ್ಡಪತ್ರೆ ಹೋದಾಗ ಸುಮ್ಮನಿದ್ದಳಂತೆ. ಲೋಳಸರ ಕೊಳೆತಾಗ ಮೂಗು ಮುರಿದಳಂತೆ. ತುಳಸಿ ಹೋದ ದಿನ ಮೆಟ್ಟಿಲ ಮೇಲೆ ನಿಂತು, "ಗಂಡನ ಮನಿ ಬಿಟ್ಟು ಬಂದಾಕಿ ಕೈಯಾಗ ಹಸರು ನಿಲ್ಲಂಗಿಲ್ಲ ತಂಗಿ, ನಿನ್ನ ಕೈಗುಣನ ಹಂಗೈತಿ" ಎಂದಳಂತೆ. ವರ್ಷ ತುಂಬಿದ ಮೇಲೆ ಮನೆ ಮುಂದುವರಿಸುವುದನ್ನು ವಿಚಾರ ಮಾಡಬೇಕು ಎಂದೂ ಸೇರಿಸಿದಳಂತೆ. ನೀನು ಅದನ್ನು ನನಗೆ ಹೇಳುವಾಗ ನಿನ್ನ ದನಿಯಲ್ಲಿ ಅವಳ ದನಿ ಇತ್ತು. ನನಗೆ ಸಿಟ್ಟು ಬಂದದ್ದು ಅದಕ್ಕೆ.

ನೀನು ಸಣ್ಣವಳಿದ್ದಾಗ ನಮ್ಮ ರಸ್ತೆಯ ಎರಡೂ ಬದಿಗೆ ಒಬ್ಬ ಗುತ್ತಿಗೆದಾರ ಸಸಿ ನೆಟ್ಟ. ಸತ್ತವು. ಮರುವರ್ಷ ಅದೇ ಗುಂಡಿಗಳಲ್ಲಿ ಮತ್ತೆ ನೆಟ್ಟ, ಮತ್ತೆ ಸತ್ತವು. ಮೂರನೆಯ ಸಲದ ಫೋಟೋ ಪೇಪರಿನಲ್ಲೂ ಬಂತು. ಅವನು ಹೆಂಡತಿಯ ಜೊತೆ ನೆಟ್ಟಗೆ ಬಾಳುತ್ತಿದ್ದನೋ ಇಲ್ಲವೋ ಎಂದು ಈ ಊರಿನಲ್ಲಿ ಒಬ್ಬರೂ ಕೇಳಲಿಲ್ಲ. ಕೈಗುಣದ ಪರೀಕ್ಷೆ ಹೆಂಗಸರಿಗೆ ಮಾತ್ರ.

ಇನ್ನು ಮೊದಲನೆಯ ಪ್ರಶ್ನೆ. ತುಳಸಿ ಸಾಯುವ ಮುಂಚೆ ನೀನು ಕಳಿಸಿದ ಅದರ ಫೋಟೋವನ್ನು ಹಿರಿದು ಮಾಡಿ ನೋಡಿದೆ. ಎಲೆಗಳಿಂದ ನೀರು ತೊಟ್ಟಿಕ್ಕುತ್ತಿದೆ. ಕುಂಡದ ಕೆಳಗಿನ ತಾಟಿನಲ್ಲಿ ನೀರು ತುಂಬಿ ನಿಂತಿದೆ. ದಿನಾ ಗಿಡ ತೊಳೆಯುತ್ತೀಯೇನು ಎಂದು ಕೇಳಿದ್ದಕ್ಕೆ ನೀನು, "ಎಲಿ ತೊಳದಽ ಚಾ ಇಡ್ತೇನವಾ, ಅದೇನ್ ಕೇಳ್ತಿ" ಎಂದೆ. ಹೌದು, ಕೇಳುವಂಥದ್ದಲ್ಲ ಎಂದು ನಮಗೆ ಅನ್ನಿಸಿಬಿಟ್ಟಿದೆ. ನೀನು ಬೆಳೆಯುವಾಗ ನಮ್ಮ ಮನೆಯ ಬೆನ್ನಿಗೇ ಕಟ್ಟಿಗೆ ಕೊಯ್ಯುವ ಸಾಮಿಲ್ ಇತ್ತು. ಗರಗಸ ಶುರುವಾದರೆ ಕಟ್ಟಿಗೆಯ ಹೊಟ್ಟು ಹಾರಿ ಬಂದು ಎಲೆಯ ಮೇಲೆ ಹಿಟ್ಟಿನಂತೆ ಕೂಡುತ್ತಿತ್ತು. ತೊಳೆಯದಿದ್ದರೆ ಗಿಡಕ್ಕೆ ಉಸಿರಿಲ್ಲ. ಈ ಓಣಿಯ ಹೆಂಗಸರೆಲ್ಲ ಬೆಳಿಗ್ಗೆ ಎದ್ದು ಎಲೆಗೆ ತಂಬಿಗೆ ನೀರು ಹೊಯ್ಯುವವರೇ. ಕುಂಡಗಳು ಕಿಟಕಿಯ ಸರಳಿನಾಚೆ ಇದ್ದವು, ನೀರು ಗಟಾರಕ್ಕೆ ಇಳಿಯುತ್ತಿತ್ತು.

ಮುಂಡಗೋಡದಲ್ಲಿ ನಿನ್ನ ಕಿಟಕಿಗೆ ಯಾವ ಹೊಟ್ಟು ಬರುತ್ತದೆ? ಮೆಕ್ಕೆಜೋಳದ ಹೊಲದ ಗಾಳಿ ಬರುತ್ತದೆ. ಆದರೂ ನೀನು ತೊಳೆದೆ. ಕೆಳಗೆ ತೊಟ್ಟಿಕ್ಕಿದರೆ ಗುರುಸಿದ್ದವ್ವ ಕೂಗುತ್ತಾಳೆಂದು ತಾಟನ್ನೂ ಇಟ್ಟೆ. ಬೇರು ನೀರಿನಲ್ಲೇ ನಿಂತು ಕೊಳೆಯಿತು. ದಾಂಡೇಲಿಯ ರೂಢಿ ಕೊಂದ ಗಿಡಗಳಿಗೆ ನಿನ್ನ ಹಣೆಬರಹ ಯಾಕೆ ಹೊಣೆ?

ಈಗ ಹೀಗೆ ಮಾಡು. ನರ್ಸರಿಗೆ ಹೋಗಬೇಡ, ಚಂದದ ಕುಂಡಕ್ಕೆ ಗಿಡಕ್ಕಿಂತ ಹೆಚ್ಚು ಕೇಳುತ್ತಾರೆ. ಮೊಸರಿನ ಖಾಲಿ ಡಬ್ಬಿಗಳ ತಳಕ್ಕೆ ತೂತು ಹಾಕು. ಸಂತೆಯ ಪುದೀನಾ ಕಟ್ಟಿನಿಂದ ನಾಲ್ಕು ಗಟ್ಟಿ ಕಡ್ಡಿ ಆರಿಸಿ ಗ್ಲಾಸಿನ ನೀರಿನಲ್ಲಿಡು, ಬಿಳಿ ಬೇರು ಕಂಡ ಮೇಲೆ ಮಣ್ಣಿಗೆ ಹಾಕು. ನೀರು ಬೇಡುವುದು ಅದೊಂದೇ, ಕೈ ತಡೆಯದಿದ್ದರೆ ಅದಕ್ಕೇ ಹಾಕು. ಮೆಂತ್ಯ ನಿನ್ನ ಸಾಸಿವೆ ಡಬ್ಬಿಯ ಪಕ್ಕದಲ್ಲೇ ಇದೆ. ನೆನೆಸಿ ಚೆಲ್ಲಿದರೆ ಬೇಗ ಮೇಲೇಳುತ್ತದೆ, ಧೈರ್ಯ ಬರಲು ಅದರಿಂದಲೇ ಶುರು ಮಾಡು. ಮೊಳಕೆ ಬಂದ ಬೆಳ್ಳುಳ್ಳಿಯನ್ನು ಎಸೆಯದೆ ಹೂಳು, ಎಲೆ ಒಗ್ಗರಣೆಗಾಗುತ್ತದೆ. ದೊಡ್ಡಪತ್ರೆಯನ್ನು ಮತ್ತೊಮ್ಮೆ ಹಚ್ಚು, ಕಡ್ಡಿ ಯಾರ ಹಿತ್ತಲಲ್ಲಾದರೂ ಸಿಗುತ್ತದೆ. ಮಣ್ಣಿಗೆ ಬೆರಳು ಚುಚ್ಚಿ ನೋಡು, ಒಣಗಿದ್ದರೆ ಮಾತ್ರ ನೀರು. ತುಳಸಿಗೆ ಬಿಸಿಲು ಬೇಕು, ಆ ಕಿಟಕಿಗೆ ಬಿಸಿಲು ಸಾಲದು, ಬಿಟ್ಟುಬಿಡು.

ಇವುಗಳಲ್ಲೂ ಒಂದೆರಡು ಸಾಯುತ್ತವೆ. ಸತ್ತರೆ ಮಣ್ಣು ಕೊಡವಿ ಬೇರೆಯದು ಹಚ್ಚುವುದು. ಅದಕ್ಕಾಗಿ ಯಾರೂ ಬಸ್ಸು ಹತ್ತಬೇಕಿಲ್ಲ.

ಇಲ್ಲಿ ಎಲ್ಲ ಸರಿಯಿದೆ. ನಿಮ್ಮಪ್ಪನಿಗೆ ಮಂಡಿನೋವು ಕಡಿಮೆ, ಮಾತೂ ಕಡಿಮೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅವ್ವ,
ಕಾಶೆವ್ವ

ತಾ.ಕ.: ಇದನ್ನು ಬರೆಯುವುದು ಬೇಡ ಅಂದುಕೊಂಡಿದ್ದೆ. ಹೋದ ವಾರ ತೇರಗಾಂವದ ಹಿರಿಯರು ಬಂದಿದ್ದರು. ಅವರಲ್ಲಿ ಮಹಾಂತಪ್ಪನವರು ನಿನ್ನನ್ನು ವಾಪಸ್ ಕಳಿಸುವ ಮಾತು ತೆಗೆದರು. ನಿಮ್ಮಪ್ಪ, "ಅಮಾಸಿ ಕಳದ ಮ್ಯಾಲೆ ನಾನಽ ಕರಕೊಂಡು ಬರ್ತೇನ್ರಿ" ಎಂದು ಒಪ್ಪಿಕೊಂಡರು. ಮನೆಯಾಕೆ ಎಲೆ ಅಡಿಕೆ ತಂದಿಡದೆ ಅಂಥ ಮಾತು ಮುಗಿಯುವುದಿಲ್ಲವೆಂದು ನಿನಗೆ ಗೊತ್ತು. ನಿಮ್ಮಪ್ಪ ಕರೆದರು. ನಾನು ಒಳಗಿನಿಂದಲೇ, "ಈ ಮಾತಿಗೆ ನನ್ನ ಮನ್ಯಾಗ ಎಲಿ ಇಲ್ಲ" ಎಂದೆ. ಮಹಾಂತಪ್ಪನವರು ನಿಮ್ಮಪ್ಪನ ಕಡೆ ತಿರುಗಿ, "ಶಂಕ್ರಪ್ಪ, ಮನಿ ಯಾರದಪಾ ಇದು?" ಎಂದು ನಕ್ಕು ಎದ್ದು ಹೋದರು. ಅಂದಿನಿಂದ ನಿಮ್ಮಪ್ಪ ನನ್ನ ಜೊತೆ ಮಾತಾಡಿಲ್ಲ. ಅವರಿಗೆ ತಿಂಗಳಿನ ಗುಳಿಗೆ ತಂದಿಟ್ಟಿದ್ದೇನೆ, ಅಡುಗೆ ಅವರಿಗೂ ಬರುತ್ತದೆ. ಅಮಾವಾಸ್ಯೆಗೆ ಮುಂಚೆ ನಾನು ನಿನ್ನಲ್ಲಿಗೆ ಬರುತ್ತೇನೆ, ಹಾಸಿಗೆ ಸುತ್ತಿಕೊಂಡು. ಕರೆಯಲು ಬರುವವರು ಇನ್ನು ಇಬ್ಬರನ್ನೂ ಕೇಳಬೇಕಾಗುತ್ತದೆ. ಗುರುಸಿದ್ದವ್ವಗೆ ಈಗಲೇ ಹೇಳಿಡು: ಬರುವಾಕೆಯೂ ಗಂಡನ ಮನೆ ಬಿಟ್ಟು ಬರುತ್ತಿದ್ದಾಳೆ, ವಯಸ್ಸು ಅರವತ್ತೆರಡು.