ಪಕ್ಕದ ಕುರ್ಚಿಯ ‘ಬೇಡ’

ಶ್ರೀಮತಿ ಹುಲ್ಡಾ ಟೆರ್ವೊ ಅವರೇ,

ನಿಮ್ಮ ಪಕ್ಕದ ಕುರ್ಚಿಯವನು, ಆರ್ವಿಲ್ ಟೆಸ್ಮರ್, ಬರೆಯುತ್ತಿದ್ದೇನೆ. ಹೆಸರು ಕಂಡೊಡನೆ ಕಿವಿ ಮುಚ್ಚಿಕೊಳ್ಳಬೇಡಿ. ಗಂಟಲು ಇನ್ನೂ ಹಾಗೇ ಇದೆ, ಆದರೆ ಈ ಕಾಗದವನ್ನು ಮೆಲುದನಿಯಲ್ಲೇ ಬರೆದಿದ್ದೇನೆ.

ವಾಷಿಂಗ್ಟನ್ನಿನವರ ಸಂವಿಧಾನ ಅವರಿಗೆ, ನಮ್ಮ ರಾಜ್ಯದ್ದು ನಮಗೆ. ಆದರೆ ನಮ್ಮದನ್ನು ಬರೆದವರು ಗಣಿ ಧಣಿಗಳ ಕಾಲದವರು. ಅದನ್ನು ತಿದ್ದಿ ಬರೆಯಲು ನೂರು ಜನರನ್ನು ಆರಿಸಿದಾಗ, ಶಾಸಕರಾಗಿದ್ದವರು ಯಾರೂ ಕೂಡದು ಎಂದು ನ್ಯಾಯಾಲಯವೇ ಹೇಳಿಬಿಟ್ಟಿತು. ಆಹಾ, ಎಂಥ ಪಾತ್ರವರ್ಗ! ಜೇನು ಸಾಕುವವನು, ಶಾಲೆಯ ಮೇಡಂ, ಪಾದ್ರಿ, ಕುದುರೆ ವೈದ್ಯ, ಗಣಿಯಲ್ಲಿ ಗಂಡನನ್ನು ಕಳೆದುಕೊಂಡ ನೀವು, ಡೇರೆ ನಾಟಕದ ನಾನು. ನಮ್ಮಪ್ಪ ರಾಜನಾದರೆ ಅಮ್ಮ ವಿಷವಿಕ್ಕುವ ರಾಣಿ. ತೊಟ್ಟಿಲಲ್ಲಿದ್ದಾಗಲೇ ನನಗೆ ಕಳುವಾದ ಮಗುವಿನ ಪಾತ್ರ. ಮಾತಾಡಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಜನ ನನ್ನನ್ನು ಆರಿಸಿದ್ದರು.

ಪಕ್ಷಕ್ಕೊಂದು ಗುಂಪಾಗಬಾರದೆಂದು ನಮ್ಮನ್ನು ಅಕ್ಷರದ ಸಾಲಿನಲ್ಲಿ ಕೂರಿಸಿದರು. ಟೆರ್ವೊ ಆದ ಮೇಲೆ ಟೆಸ್ಮರ್. ಆ ಚಳಿಗಾಲವಿಡೀ ನಿಮ್ಮ ಬಲಗಿವಿ ನನ್ನ ಪಾಲಿಗೆ ಬಿತ್ತು. ಮಧ್ಯಾಹ್ನ ನೀವು ಕರವಸ್ತ್ರ ಬಿಚ್ಚಿ, ಗಣಿಯವರು ಒಯ್ಯುವಂಥ ಮಾಂಸದ ಕಡುಬನ್ನು ಮುರಿದು ಅರ್ಧ ನನ್ನ ಕಡೆ ತಳ್ಳುತ್ತಿದ್ದಿರಿ. “ತಿನ್ನಿ ಟೆಸ್ಮರ್. ನಿಮ್ಮ ಬಾಯಿ ಸ್ವಲ್ಪ ಹೊತ್ತು ಬೇರೆ ಕೆಲಸ ಮಾಡ್ಲಿ.”

ನೀವು ಅಲ್ಲಿಗೆ ಬಂದದ್ದು ಒಂದೇ ಒಂದು ಕಲಮಿಗಾಗಿ. ನಿಮ್ಮ ಗಂಡ ವೈನೊ ಕುಸಿದ ಸುರಂಗದಲ್ಲಿ ಸತ್ತಿದ್ದ. ಏಕೆ ಕುಸಿಯಿತು ಎಂದು ಸರ್ಕಾರದ ತಪಾಸಣೆಗಾರ ಬರೆದ ವರದಿ ರಾಜಧಾನಿಯ ಬೀರುವಿನಲ್ಲಿತ್ತು. ಹನ್ನೊಂದು ವರ್ಷ ಕೇಳಿದಿರಿ. “ಅದು ಸರ್ಕಾರದ ಕಾಗದ ಅಮ್ಮಾ, ನಿಮ್ಮದಲ್ಲ” ಎಂಬುದೇ ಉತ್ತರ. ಆದ್ದರಿಂದ ಹಕ್ಕುಗಳ ಅಧ್ಯಾಯಕ್ಕೆ ನಿಮ್ಮದೊಂದು ಸಾಲು: ಸರ್ಕಾರದ ಕಾಗದವನ್ನು ಯಾವ ಪ್ರಜೆಯಾದರೂ ನೋಡಬಹುದು, ಸರ್ಕಾರದ ಸಭೆಯಲ್ಲಿ ಯಾವ ಪ್ರಜೆಯಾದರೂ ಕೂರಬಹುದು.

ಕೊನೆಗೂ ಅದು ಮತಕ್ಕೆ ಬಂತು. ಒಬ್ಬೊಬ್ಬರದೇ ಹೆಸರು ಕೂಗುತ್ತಿದ್ದರು. ನೀವು ಕಡುಬು ತಂದ ಕಾಗದದ ಚೀಲದ ಮೇಲೆ ಮತಕ್ಕೊಂದು ಗೆರೆ ಎಳೆಯುತ್ತಿದ್ದಿರಿ. ಅಂದು ಹಾಜರಿದ್ದವರು ತೊಂಬತ್ತೆಂಟು ಜನ. ನಮ್ಮ ಸಾಲಿಗೆ ಬರುವಷ್ಟರಲ್ಲಿ ‘ಬೇಡ’ದ ಕಡೆ ಐವತ್ತು ಗೆರೆ. ಸೋತಾಗಿತ್ತು.

“ಟೆರ್ವೊ?”

“ಬೇಡ” ಎಂದಿರಿ. ಕೆಮ್ಮಿದಷ್ಟು ಸಣ್ಣಗೆ.

ಮುಂದಿನ ಹೆಸರು ನನ್ನದು. ಇಡೀ ಸಭೆ, ಮೇಲೆ ಪತ್ರಿಕೆಯವರು, ರೇಡಿಯೊದವರು. ನನ್ನಂಥವನಿಗೆ ಅದಕ್ಕಿಂತ ಭರ್ಜರಿ ಪ್ರವೇಶ ಯಾವುದು? ಕುರ್ಚಿ ಹಿಂದಕ್ಕೊದ್ದು ಎದ್ದೆ. “ಬೇಕು! ಸಾವಿರ ಸಲ ಬೇಕು! ಹುಲ್ಡಾ ಟೆರ್ವೊ, ನಿನ್ನ ಗಂಡನ ಸಾವನ್ನ ಯಾರಿಗೆ ಮಾರಿದೆ?” ಬಹುವಚನ ಕೂಡ ಬಿಟ್ಟಿದ್ದೆ. ಹಾಗೇ ನಡುದಾರಿಯಲ್ಲಿ ನಡೆದು, ಬಾಗಿಲು ದಢಾರೆಂದು ಎಳೆದು ಹೊರಟುಹೋದೆ. ರಂಗದಿಂದ ಹೋಗುವುದಿದ್ದರೆ ಹಾಗೇ ಹೋಗಬೇಕೆಂದು ಅಪ್ಪ ಕಲಿಸಿದ್ದ.

ನಿಯಮದ ಪುಸ್ತಕವನ್ನು ನಾನು ಓದಿರಲಿಲ್ಲ. ಅದು ನನ್ನ ಮೇಜಿನ ಕುಂಟುಕಾಲಿನ ಕೆಳಗಿತ್ತು. ನೀವು ಓದಿದ್ದಿರಿ. ಬಿದ್ದುಹೋದ ಕಲಮನ್ನು ಮರುದಿನ ಮತ್ತೆ ಮತಕ್ಕೆ ಎತ್ತಿಕೊಳ್ಳಿ ಎಂದು ಕೇಳುವ ಹಕ್ಕಿರುವುದು ಗೆದ್ದ ಕಡೆ ಮತ ಹಾಕಿದವರಿಗೆ ಮಾತ್ರ. ಸೋಲು ಖಚಿತವಾದೊಡನೆ ನೀವು ಗೆಲ್ಲುವವರ ಕಡೆ ಹೋಗಿ ನಿಂತಿರಿ, ನಾಳೆಯ ಬಾಗಿಲು ತೆರೆದಿರಲೆಂದು. ಮರುದಿನ ಬೆಳಗಿನ ತಿಂಡಿಯ ಹೊತ್ತಿಗೆ ನಾಲ್ವರ ಮನಸ್ಸು ಹೊರಳಿಸಿ ಬಂದಿರಿ. ರಜೆಯಲ್ಲಿದ್ದ ಇಬ್ಬರೂ ಬಂದರು. ಐವತ್ತಮೂರು ಬೇಕು, ನಲವತ್ತೇಳು ಬೇಡ. ನಾನೂ ‘ಬೇಕು’ ಎಂದೆ, ನಿಮ್ಮ ಮುಖ ನೋಡದೆ. ಅಂದು ಮಧ್ಯಾಹ್ನವೂ ಅರ್ಧ ಕಡುಬು ನನ್ನ ಕಡೆ ಬಂತು. ತಿಂದೆ. ಕ್ಷಮೆ ಕೇಳಲಿಲ್ಲ.

ನಿಮ್ಮ ಸ್ಲೇಟ್ ಕ್ರೀಕ್ ಊರಿಗೆ ರೇಡಿಯೊ ತಲುಪಿಸಿದ್ದು ನನ್ನ ಕೂಗನ್ನು ಮಾತ್ರ. ಮರುದಿನದ ಸುದ್ದಿಯನ್ನು ಹಿಮಗಾಳಿ ನುಂಗಿತ್ತು. ಮೂರು ವರ್ಷದ ಮೇಲೆ ನಮ್ಮ ಡೇರೆ ನಿಮ್ಮೂರಿಗೆ ಬಂದಾಗ ಹೋಟೆಲಿನವನು ನನ್ನ ಬೆನ್ನು ತಟ್ಟಿದ. “ನೀವೇ ಅಲ್ವಾ ಸ್ವಾಮಿ, ಆ ಗಂಡನ್ನ ಮಾರ್ಕೊಂಡವಳ ಮಾನ ಹರಾಜು ಹಾಕಿದ್ದು? ಅವಳ ಮೈದುನಂದಿರೂ ಮಾತು ಬಿಟ್ಟಿದಾರೆ. ಚರ್ಚಲ್ಲಿ ಒಬ್ಬಳೇ ಕೂರ್ತಾಳೆ, ಬೆಂಚೆಲ್ಲಾ ಅವಳದೇ! ಕೂತ್ಕೊಳಿ, ಕಾಫಿ ಕುಡೀರಿ.”

ನಿಜ ಏನೆಂದು ಆಗ ನನಗೆ ಗೊತ್ತಿತ್ತು, ಟೆರ್ವೊ ಅವರೇ. ಕಾಫಿ ಕುಡಿದೆ. ನಿಮ್ಮ ಬೀದಿ ಎರಡು ತಿರುವು ಆಚೆಗಿತ್ತು. ಸಂಜೆ ಬಣ್ಣ ಹಚ್ಚಿಕೊಂಡು ಸತ್ಯವಂತನ ಪಾತ್ರ ಮಾಡಿದೆ. ಒಳ್ಳೆಯ ಚಪ್ಪಾಳೆ ಬಿತ್ತು.

ಈಗ ಏಕೆ ಬರೆಯುತ್ತಿದ್ದೇನೆಂದರೆ, ಸಂವಿಧಾನಕ್ಕೆ ಇಪ್ಪತ್ತು ವರ್ಷ ತುಂಬಿದ ಸಮಾರಂಭಕ್ಕೆ ನನ್ನನ್ನು ಕರೆದಿದ್ದಾರೆ. ನನ್ನ ಹಳೆಯ ಭಾಷಣಗಳಿಂದಲೇ ಒಂದಿಷ್ಟು ಎತ್ತಿಕೊಳ್ಳೋಣವೆಂದು ಕಡತಗಳ ಕೋಣೆಗೆ ಹೋದೆ. ನಾನು ಯಾರು, ಏಕೆ ಬಂದೆ ಎಂದು ಅಲ್ಲಿಯ ಹುಡುಗಿ ಕೇಳಲೇ ಇಲ್ಲ. “ಯಾರ್ ಬೇಕಾದ್ರೂ ನೋಡ್ಬಹುದು ಸರ್” ಎಂದು ತಂದಿಟ್ಟಳು. ಅಲ್ಲಿತ್ತು ನನ್ನ ಕೂಗು, ಒಂದಕ್ಷರ ಬಿಡದೆ. ಅದರ ಕೆಳಗೆ, ನಾನು ಬಾಗಿಲು ಎಳೆದುಕೊಂಡ ಮೇಲೆ ನಡೆದದ್ದು:

“ಟೆಸ್ಮರ್ ಆಡಿದ ಮಾತನ್ನ ಕಡತದಿಂದ ತೆಗೆದುಹಾಕಿ” ಎಂದಿದ್ದಾರೆ ಅಧ್ಯಕ್ಷರು.

“ಇರಲಿ ಬಿಡಿ ಅಧ್ಯಕ್ಷರೇ” ಎಂದಿದ್ದೀರಿ ನೀವು.

“ಅಮ್ಮಾ, ಅದರಿಂದ ಅವಮಾನ ಆಗೋದು ನಿಮಗೇ.”

“ಗೊತ್ತು. ಬೆಳಗ್ಗಿಂದ ನಾನು ಬಡ್ಕೊಂಡಿದ್ದೇನು? ಸರ್ಕಾರದ ಕಾಗದ ಬಚ್ಚಿಡಬಾರದು ಅಂತ. ನಂಗೆ ನೋವಾಯ್ತು ಅಂತ ಮೊದಲನೇ ಕಾಗದ ನಾನೇ ಬಚ್ಚಿಡ್ಲಾ?”

“ನೀವೇ ಈಗ ಬೇಡ ಅಂದ್ರಲ್ಲಮ್ಮಾ!” ಎಂದಿದ್ದಾನೆ ಹಿಂದಿನಿಂದ ಯಾರೋ. ಪಕ್ಕದಲ್ಲಿ ‘ನಗು’ ಎಂದು ಬರೆದಿದೆ.

“ಅಂದೆ. ನಾಳೆ ಬೆಳಗ್ಗೆ ಬರ್ತೀನಿ, ಇರಿ.”

ಆ ಪುಟವನ್ನು ನಿಂತೇ ಓದಿದೆ. ಇದನ್ನು ನೀವೂ ಹೇಳಲಿಲ್ಲ, ಬೇರೆ ಯಾರನ್ನೂ ನಾನು ಕೇಳಲಿಲ್ಲ.

ಸಮಾರಂಭಕ್ಕೆ ಬರುವುದಿಲ್ಲವೆಂದು ತಿಳಿಸಿಬಿಟ್ಟೆ. ಅದರ ಬದಲು ಸ್ಲೇಟ್ ಕ್ರೀಕಿನ ಗಣಿ ಸಂಘದ ಹಾಲಿನಲ್ಲಿ ಒಂದು ಭಾನುವಾರ, ಚರ್ಚು ಬಿಟ್ಟ ಮೇಲೆ, ಆ ಎರಡು ದಿನದ ಪುಟಗಳನ್ನು ಓದಬೇಕೆಂದಿದ್ದೇನೆ. ಹೋಟೆಲಿನಲ್ಲಿ ಕುಡಿದ ಕಾಫಿಯ ಕಥೆಯನ್ನೂ ಸೇರಿಸುತ್ತೇನೆ. ಸಂಘದ ಕಾರ್ಯದರ್ಶಿ “ವೇಷಗೀಷ ಇರುತ್ತಾ?” ಎಂದ. ಇಲ್ಲ ಎಂದೆ. ಕೂತು ಓದುತ್ತೇನೆ. ಪಕ್ಕದಲ್ಲಿ ಇನ್ನೊಂದು ಕುರ್ಚಿ ಇರುತ್ತದೆ, ನನ್ನ ಎಡಕ್ಕೆ, ಅಕ್ಷರದ ಸಾಲಿನ ಪ್ರಕಾರ. ಅದು ಖಾಲಿ ಇದ್ದರೂ ಓದು ನಡೆಯುತ್ತದೆ.

ಕಾಗದ ಎಲ್ಲರದೂ ನಿಜ, ಅದು ನೀವೇ ಬರೆಸಿದ ಕಾನೂನು. ಆದರೂ ಒಮ್ಮೆ ನಿಮ್ಮನ್ನು ಕೇಳದೆ ನಿಮ್ಮ ಹೆಸರನ್ನು ಗಟ್ಟಿಯಾಗಿ ಕೂಗಿದ್ದೇನೆ. ಈ ಸಲ ಕೇಳಿಯೇ ಬರುತ್ತೇನೆ. ಬೇಕು, ಬೇಡ, ಒಂದು ಪದ ಬರೆದು ಕಳಿಸಿ.

‘ಬೇಡ’ ಎಂದರೆ, ಮರುದಿನ ಬೆಳಗಿನವರೆಗೆ ಕಾಯುತ್ತೇನೆ.

ನಿಮ್ಮ ಬೆಂಚಿನಲ್ಲಿ ಜನ ತುಂಬಲಿ, ಅಮ್ಮಾ.

ನಿಮ್ಮ ಬಲಗಡೆಯ ಕುರ್ಚಿಯಿಂದ,
ಆರ್ವಿಲ್ ಟೆಸ್ಮರ್